ಹಳೆಯ ನಿಂಜಾ ಗೈಡನ್‌ನಷ್ಟೇ ಹೊಸದೂ ಕಷ್ಟವೇ?

ಬಾಲ್ಯದಲ್ಲಿ ನಿಂಜಾ ಗೈಡನ್ ಎಂಬ ವಿಡಿಯೊ ಗೇಮ್ ಆಡಿದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: 2025ರಲ್ಲಿ ಬಂದ ‘ನಿಂಜಾ ಗೈಡನ್: ರೇಜ್‌ಬೌಂಡ್’ ಹಳೆಯ ಆಟದಷ್ಟೇ ಕಷ್ಟವಾಗಿದೆಯೇ? ಇಲ್ಲ, ಅಷ್ಟು ಕಷ್ಟವಿಲ್ಲ. ಆದರೆ ಹಳೆಯ ಆಟದ ಗುಣವನ್ನು ಅದರ ಕಷ್ಟದಿಂದಲೇ ಅಳೆಯುವುದು ಸರಿಯೇ ಎಂಬ ಅನುಮಾನ ನನಗಿರುವುದರಿಂದ ಉತ್ತರವನ್ನು ಇಲ್ಲಿಗೇ ನಿಲ್ಲಿಸಲಾರೆ.

ಟೆಕ್ಮೊ ಸಂಸ್ಥೆ 1988ರಲ್ಲಿ ನಿಂಟೆಂಡೊದ 8-ಬಿಟ್ ಯಂತ್ರಕ್ಕೆ ತಂದ ಮೊದಲ ಆಟವನ್ನು ನೆನೆದಾಗ ಹೆಚ್ಚಿನವರ ಕಣ್ಣ ಮುಂದೆ ಬರುವುದು ಹದ್ದು. ಕಮರಿಯ ಮೇಲೆ ಜಿಗಿದ ಕಥಾನಾಯಕ ರ‍್ಯೂ ಹಯಾಬುಸಾನಿಗೆ ಅದು ಎದುರಿನಿಂದ ಬಂದು ತಾಗುತ್ತದೆ. ಪೆಟ್ಟು ತಿಂದವನು ಹಿಂದಕ್ಕೆ ಎಗರಿ ಬೀಳುತ್ತಾನೆ. ಶಕ್ತಿಪಟ್ಟಿ ತುಂಬಿದ್ದರೂ ಪ್ರಾಣ ಹೋಗುತ್ತದೆ. ಇದಕ್ಕಿಂತ ಕ್ರೂರವಾದ ನಿಯಮ ಇನ್ನೊಂದಿತ್ತು. ಪ್ರತಿಯೊಬ್ಬ ಶತ್ರುವೂ ಹಂತದ ಒಂದು ನಿಶ್ಚಿತ ಬಿಂದುವಿಗೆ ಕಟ್ಟಿಹಾಕಲ್ಪಟ್ಟಿದ್ದ, ಆ ಬಿಂದು ಪರದೆಯ ಅಂಚಿಗೆ ಬಂದಾಗಲೆಲ್ಲ ಅವನು ಹೊಸದಾಗಿ ಹುಟ್ಟುತ್ತಿದ್ದ. ಭಯದಿಂದ ಎರಡು ಹೆಜ್ಜೆ ಹಿಂದೆ ಸರಿದರೆ ಕೊಂದವನೇ ಮತ್ತೆ ಎದುರಾಗುತ್ತಿದ್ದ. ಕೊನೆಯ ಶತ್ರುವಿನ ಕೈಯಲ್ಲಿ ಸತ್ತವರನ್ನು ಆರನೆಯ ಅಂಕದಲ್ಲಿ ಎಷ್ಟೋ ಹಿಂದಕ್ಕೆ ಅಟ್ಟುತ್ತಿದ್ದುದಂತೂ ಶುದ್ಧ ಅನ್ಯಾಯ ಎಂದೇ ನನ್ನ ಮತ, ಅದನ್ನು ಸಮರ್ಥಿಸುವ ಹಳೆಯ ಅಭಿಮಾನಿಗಳ ಜೊತೆ ನನಗೆ ಇಂದಿಗೂ ಜಗಳವಿದೆ.

ಆದರೆ ಶತ್ರುಗಳು ಮರುಹುಟ್ಟುವ ಆ ನಿಯಮ ಆಟಗಾರನಿಗೆ ಕಲಿಸುತ್ತಿದ್ದುದು ಏನನ್ನು? ನಿಲ್ಲಬೇಡ, ಹಿಂದೆ ಸರಿಯಬೇಡ, ಓಡುತ್ತಲೇ ಹೊಡೆ ಎಂಬುದನ್ನು. ತಡೆದು ತಡೆದು ನಡೆಯುವವನಿಗೆ ನರಕವಾಗಿದ್ದ ಅದೇ ಹಂತ, ಶತ್ರುಗಳ ಜಾಗವನ್ನು ಬಾಯಿಪಾಠ ಮಾಡಿಕೊಂಡು ಒಂದೇ ಉಸಿರಿಗೆ ಓಡುವವನಿಗೆ ಅಚ್ಚುಕಟ್ಟಾದ ತಾಳದಲ್ಲಿ ಬಿಚ್ಚಿಕೊಳ್ಳುತ್ತಿತ್ತು. ನನಗೆ ಹಿಡಿಸಿದ್ದು ಆ ಓಟ. ಕಷ್ಟವು ಅದರ ಬಾಗಿಲಲ್ಲಿ ನಿಂತ ಕಾವಲುಗಾರನಾಗಿತ್ತು, ಅಷ್ಟೆ.

ರೇಜ್‌ಬೌಂಡ್ ರೂಪಿಸಿದ, ಸ್ಪೇನಿನ ಸೆವಿಲ್ಲೆ ನಗರದ ‘ದಿ ಗೇಮ್ ಕಿಚನ್’ ತಂಡಕ್ಕೆ ಇದು ಚೆನ್ನಾಗಿ ಅರ್ಥವಾಗಿದೆ. ಅದರ ಕಥೆ ಮೊದಲ ಆಟದ ಕಾಲದಲ್ಲೇ, ಅದರ ಪಕ್ಕದಲ್ಲೇ ನಡೆಯುತ್ತದೆ: ತಂದೆಯ ಸಾವಿನ ನಂತರ ರ‍್ಯೂ ಅಮೆರಿಕಕ್ಕೆ ಹೋಗಿರುವಾಗ ಹಯಾಬುಸಾ ಹಳ್ಳಿಯ ಮೇಲೆ ರಾಕ್ಷಸರು ಎರಗುತ್ತಾರೆ. ಶಿಷ್ಯ ಕೆಂಜಿ ಮೋಜು ಮತ್ತು ವೈರಿ ಪಂಗಡವಾದ ಕಪ್ಪು ಜೇಡ ಕುಲದ ಕುಮೊರಿ, ಇಬ್ಬರ ಆತ್ಮಗಳೂ ಒಂದೇ ದೇಹದಲ್ಲಿ ಬೆಸೆದುಕೊಂಡು ಹೋರಾಡಬೇಕಾಗುತ್ತದೆ. ಕಥೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಇಬ್ಬರ ಕಚ್ಚಾಟ ಕೆಲವೆಡೆ ನಗಿಸುತ್ತದೆ, ಕೆಲವೆಡೆ ಉದ್ದವಾಯಿತು ಎನಿಸುತ್ತದೆ.

ಹೇಳಬೇಕಾದದ್ದು ಚಲನೆಯ ಬಗ್ಗೆ. ಗಾಳಿಯಲ್ಲಿರುವಾಗ ಶತ್ರುವಿನ ಮೇಲೆ ಅಥವಾ ಅವನು ಎಸೆದ ಅಸ್ತ್ರದ ಮೇಲೆ ಸರಿಯಾದ ಕ್ಷಣಕ್ಕೆ ಜಿಗಿತದ ಗುಂಡಿಯನ್ನು ಇನ್ನೊಮ್ಮೆ ಒತ್ತಿದರೆ, ಕೆಂಜಿ ಅದನ್ನೇ ಮೆಟ್ಟಿ ಮತ್ತೆ ಮೇಲಕ್ಕೆ ಚಿಮ್ಮುತ್ತಾನೆ. ‘ಗಿಲೊಟಿನ್ ಬೂಸ್ಟ್’ ಎಂಬ ಈ ಒಂದು ವರಸೆಯಿಂದ ಅಂದು ಕಮರಿಗೆ ತಳ್ಳುತ್ತಿದ್ದ ಹಕ್ಕಿಯಂಥ ಶತ್ರುವೇ ಇಂದು ಕಮರಿ ದಾಟಿಸುವ ಮೆಟ್ಟಿಲಾಗಿದ್ದಾನೆ. ಇದರ ಜೊತೆಗೆ ‘ಹೈಪರ್‌ಚಾರ್ಜ್’ ಇದೆ. ನೀಲಿ ಪ್ರಭೆಯಿರುವ ಶತ್ರುವನ್ನು ಕತ್ತಿಯಿಂದ, ಗುಲಾಬಿ ಪ್ರಭೆಯಿರುವವನನ್ನು ಕುಮೊರಿ ಎಸೆಯುವ ಕುನಾಯಿ ಎಂಬ ಚೂರಿಯಿಂದ ಕೊಂದರೆ ಮುಂದಿನ ಹೊಡೆತಕ್ಕೆ ವಿಶೇಷ ಬಲ ಬರುತ್ತದೆ, ಎದುರಿಗಿರುವ ದೈತ್ಯನೂ ಒಂದೇ ಏಟಿಗೆ ಉರುಳುತ್ತಾನೆ. ಹಾಗಾಗಿ ಹಂತದ ಉದ್ದಕ್ಕೂ ಯಾರನ್ನು ಮೊದಲು ಕೊಲ್ಲಬೇಕು, ಆ ಬಲವನ್ನು ಯಾರಿಗೆ ಕಾದಿಡಬೇಕು ಎಂಬ ಲೆಕ್ಕಾಚಾರ ಓಟದ ನಡುವೆಯೇ ನಡೆಯುತ್ತಿರುತ್ತದೆ. ಹಳೆಯ ಆಟ ಶಿಕ್ಷೆ ಕೊಟ್ಟು ಕಲಿಸಿದ ಮುನ್ನುಗ್ಗುವ ಪಾಠವನ್ನು ಇದು ಬಹುಮಾನ ಕೊಟ್ಟು ಕಲಿಸುತ್ತದೆ.

ಕುಮೊರಿಯೊಬ್ಬಳೇ ಕಾಲಮಿತಿಯೊಳಗೆ ದಾಟಬೇಕಾದ ರಾಕ್ಷಸಲೋಕದ ಭಾಗಗಳು ಮಾತ್ರ ನನಗೆ ರುಚಿಸಲಿಲ್ಲ. ಅವು ಕೆಟ್ಟದಾಗಿವೆ ಎಂದಲ್ಲ, ಆದರೆ ಚೆನ್ನಾಗಿ ಸಾಗುತ್ತಿದ್ದ ಓಟವನ್ನು ನಡುವೆ ಕಡಿದು ಬೇರೊಂದು ಒಗಟನ್ನು ಕೈಗಿಡುತ್ತವೆ. ಪಿಕ್ಸೆಲ್ ಚಿತ್ರಕಲೆ ಸೊಗಸಾಗಿದ್ದರೂ ಶತ್ರುಗಳು ಗುಂಪಾಗಿ ಸಿಡಿದಾಗ ಸಣ್ಣ ಅಸ್ತ್ರವೊಂದು ಕಣ್ಣಿಗೆ ಬೀಳದೆ ಹೋಗುವುದುಂಟು.

ಹೊಸ ಆಟದಲ್ಲಿ ಸತ್ತ ಮೇಲೆ ಮತ್ತೆ ಆರಂಭಿಸುವ ಜಾಗಗಳಾದ ಚೆಕ್‌ಪಾಯಿಂಟ್‌ಗಳು ಹತ್ತಿರಹತ್ತಿರವಿವೆ, ಬೇಕೆಂದರೆ ಪೆಟ್ಟಿನ ಪರಿಣಾಮವನ್ನು ತಗ್ಗಿಸಿಕೊಳ್ಳುವ ಆಯ್ಕೆಗಳೂ ಇವೆ. ಇದನ್ನು ಕೇಳಿದ ಕೂಡಲೇ ಮುಖ ಸಿಂಡರಿಸುವವರಿಗೆ ಒಂದು ಮಾತು: ಹಳೆಯ ಆಟವೂ ಎಷ್ಟು ಸಲ ಬೇಕಾದರೂ ಮುಂದುವರಿಸಲು ಬಿಡುತ್ತಿತ್ತು, ಆ ಔದಾರ್ಯವಿಲ್ಲದಿದ್ದರೆ ನಮ್ಮಲ್ಲಿ ಹೆಚ್ಚಿನವರು ಅದರ ಕೊನೆಯ ಅಂಕವನ್ನು ನೋಡುತ್ತಲೇ ಇರಲಿಲ್ಲ. ಅಷ್ಟಾಗಿಯೂ ಕಷ್ಟವೇ ಬೇಕೆನ್ನುವವರು ಒಮ್ಮೆ ಆಟವನ್ನು ಮುಗಿಸಲಿ. ಆಮೇಲೆ ತೆರೆದುಕೊಳ್ಳುವ ಕಠಿಣ ಮಟ್ಟದಲ್ಲಿ ಶತ್ರುಗಳ ಜಾಗಗಳೇ ಬದಲಾಗಿರುತ್ತವೆ, ಮೊದಲ ಸಲ ಕಲಿತ ಬಾಯಿಪಾಠ ಅಲ್ಲಿ ನೆರವಿಗೆ ಬರುವುದಿಲ್ಲ.