ತಿಥಿ ಊಟ ಮುಗಿದ ಮೇಲೆ

ಮದುವೆ ಮನೆಯಲ್ಲಿ ಯಾರಾದರೂ ‘ಏನು ಕೆಲಸ ಮಾಡ್ತೀರಿ?’ ಅಂತ ಕೇಳಿದರೆ ‘ಆಸ್ಪತ್ರೆಯಲ್ಲಿ ಕೌನ್ಸೆಲರ್’ ಅಂದು ಹೋಳಿಗೆ ಕಡೆ ತಿರುಗಿಬಿಡುತ್ತೇನೆ. ಪೂರ್ತಿ ಹೇಳಿದರೆ ಅವರ ಊಟ ಕೆಡುತ್ತದೆ.

ನಾನಿರುವುದು ಹಾಸ್ಪಿಸ್‌ನಲ್ಲಿ. ಇನ್ನು ವಾಸಿಯಾಗುವುದಿಲ್ಲ ಅಂತ ಗೊತ್ತಾದವರನ್ನು, ಇರುವಷ್ಟು ದಿನ ನೋವಿಲ್ಲದೆ ನೋಡಿಕೊಳ್ಳುವ ಜಾಗ. ಬೆಂಗಳೂರಿನ ಕರುಣಾಶ್ರಯದ ಹೆಸರು ನೀವು ಕೇಳಿರಬಹುದು, ಅದರ ಟ್ರಸ್ಟ್ ಶುರುವಾಗಿದ್ದು 1994ರಲ್ಲಿ. ನಮ್ಮದು ಅದಲ್ಲ, ಇನ್ನೊಂದು ಚಿಕ್ಕ ಜಾಗ. ಡಾಕ್ಟರು, ನರ್ಸ್‌ಗಳು ರೋಗಿಯನ್ನು ನೋಡಿಕೊಳ್ಳುತ್ತಾರೆ. ನನ್ನ ಕೆಲಸದ ದೊಡ್ಡ ಪಾಲು ಶುರುವಾಗುವುದು ಮಂಚ ಖಾಲಿಯಾದ ಮೇಲೆ.

ತಿಥಿ ಮುಗಿಯುವವರೆಗೆ ನಾನು ಫೋನ್ ಮಾಡುವುದಿಲ್ಲ. ಅಲ್ಲಿಯವರೆಗೆ ಮನೆ ತುಂಬ ಜನ, ಶಾಮಿಯಾನ, ಅಡುಗೆಯವರ ಲೆಕ್ಕ, ಯಾರನ್ನು ಕರೆಯೋದು ಮರೆತೆವು ಅನ್ನೋ ಜಗಳ. ಅಳೋಕೂ ಪುರುಸೊತ್ತಿರುವುದಿಲ್ಲ. ಆಮೇಲೆ ಎಲ್ಲರೂ ಬಸ್ಸು ಹತ್ತುತ್ತಾರೆ. ಆ ಸಂಜೆ ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ಸಿಂಕಿಗೆ ಚೆಲ್ಲಿದೆ ಅಂತ ಒಬ್ಬರು ಹೇಳಿದ್ದರು. ಆ ವಾರ ಫೋನ್ ಮಾಡುತ್ತೇನೆ.

ಎತ್ತಿದ ಕೂಡಲೇ ಯಾರೂ ‘ದುಃಖ ಆಗ್ತಿದೆ’ ಅನ್ನುವುದಿಲ್ಲ. ಮೊದಲು ಬರುವುದು ತಪ್ಪಿನ ಲೆಕ್ಕ. ನೋವಿಗೆ ಅಂತ ಮಾರ್ಫಿನ್ ಕೊಟ್ಟಿದ್ದಕ್ಕೇ ಹೋದರಾ? ರಾತ್ರಿಯೆಲ್ಲಾ ಕೂತಿದ್ದೆ, ಟೀ ಕುಡಿಯೋಕೆ ಹೋದ ಹತ್ತು ನಿಮಿಷದಲ್ಲೇ ಹೋಗಿಬಿಟ್ಟರಲ್ಲ, ಯಾಕೆ? ಅಮೆರಿಕದಿಂದ ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು, ಬಾಯಿಗೆ ನೀರು ಬಿಡಲೂ ಆಗಲಿಲ್ಲ. ಈ ಕೊನೆಯದನ್ನು ಗಂಡುಮಕ್ಕಳು ಹೇಳುವಾಗ ಧ್ವನಿಯೇ ಬರುವುದಿಲ್ಲ, ಲೈನ್ ಕಟ್ ಆಯಿತೇನೋ ಅಂದುಕೊಳ್ಳಬೇಕು.

ಮಂಡ್ಯ ಕಡೆಯ ಒಬ್ಬ ಅವ್ವನ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ಒಂದಷ್ಟು ಬದಲಾಯಿಸಿದ್ದೇನೆ. ಗಂಡನಿಗೆ ಬಾಯಿ ಕ್ಯಾನ್ಸರ್, ನಲವತ್ತು ವರ್ಷ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕಿದ್ದ ಮನುಷ್ಯ. ಕೊನೆಯ ನಾಲ್ಕು ದಿನ ಏನೂ ಸೇರಲಿಲ್ಲ. ಹತ್ತಿಯಲ್ಲಿ ತುಟಿ, ನಾಲಿಗೆ ಒದ್ದೆ ಮಾಡುತ್ತಿದ್ದೆವು, ಅಷ್ಟೇ. ನಾನು ಫೋನ್ ಮಾಡಿದಾಗ ಆಕೆ ಹೇಳಿದ್ದು ಒಂದೇ ಮಾತು: ‘ಹಸ್ಕಂಡೇ ಹೋಗ್ಬುಟ್ರು ಕಣವ್ವ. ಒಂದು ತುತ್ತು ಇಕ್ಲಿಲ್ಲ ನಾನು.’

ಇದಕ್ಕೆ ನನ್ನ ಹತ್ತಿರ ಉತ್ತರ ಇದೆ. ಕೊನೆಕೊನೆಗೆ ದೇಹಕ್ಕೆ ಹಸಿವೇ ಹೋಗಿರುತ್ತದೆ, ಬಲವಂತವಾಗಿ ತಿನ್ನಿಸಿದರೆ ಶ್ವಾಸಕೋಶಕ್ಕೆ ಇಳಿದು ಇನ್ನೂ ಹಿಂಸೆ. ಹೇಳಿದೆ. ‘ಹೂಂ’ ಅಂದಳು. ಮುಂದಿನ ವಾರ ಮತ್ತೆ ಅದೇ ಮಾತು. ಊಟ ಬಡಿಸುವುದೇ ಪ್ರೀತಿ ಅಂತ ನಲವತ್ತು ವರ್ಷ ಬದುಕಿದವಳಿಗೆ ಶ್ವಾಸಕೋಶದ ಪಾಠ ಏನು ಮಾಡೀತು? ಆಮೇಲೆ ಬುದ್ಧಿ ಬಂದು, ‘ಅವರಿಗೆ ಏನಿಷ್ಟ ಇತ್ತು?’ ಅಂತ ಕೇಳಿದೆ. ಉಪ್ಸಾರು ಹೇಗೆ ಮಾಡಬೇಕು, ಖಾರಕ್ಕೆ ಏನೇನು ಅರೆಯಬೇಕು, ಮುದ್ದೆ ಗಂಟಾದರೆ ಆತ ತಟ್ಟೆ ಹೇಗೆ ತಳ್ಳುತ್ತಿದ್ದ, ಎಲ್ಲಾ ಬಂತು. ಮುಕ್ಕಾಲು ಗಂಟೆ.

ನಾನು ಮಾಡಿದ್ದು ಸುಮ್ನೆ ಕೇಳಿಸಿಕೊಂಡಿದ್ದು. ಇದಕ್ಕೆ ಸಂಬಳ ಕೊಡ್ತಾರಾ ಅಂತ ನಮ್ಮತ್ತೆಗೆ ಇನ್ನೂ ಅನುಮಾನ.

ಇನ್ನೊಂದು ಕಾಟ ಇಂಟರ್ನೆಟ್‌ನಲ್ಲಿ ಓಡಾಡುವ ದುಃಖದ ಐದು ಹಂತ: ನಂಬದಿರೋದು, ಕೋಪ, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳೋದು. ‘ಮೇಡಂ, ನಾನಿನ್ನೂ ಕೋಪದ ಹಂತದಲ್ಲೇ ಇದ್ದೀನಿ, ಏನು ಮಾಡಲಿ?’ ಅಂತ ಒಬ್ಬ ಹುಡುಗಿ ಪರೀಕ್ಷೆ ಫೇಲಾದವಳ ಹಾಗೆ ಕೇಳಿದ್ದಳು. ಎಲಿಸಬೆತ್ ಕ್ಯೂಬ್ಲರ್ ರಾಸ್ ಅನ್ನುವ ಡಾಕ್ಟರು 1969ರಲ್ಲಿ ಆ ಹಂತಗಳನ್ನು ಬರೆದಿದ್ದು ಸಾಯುತ್ತಿದ್ದವರ ಜೊತೆ ಮಾತಾಡಿ, ಕಳೆದುಕೊಂಡವರ ಬಗ್ಗೆ ಅಲ್ಲ. ನನಗೆ ಜಾಸ್ತಿ ನಿಜ ಅನ್ನಿಸುವುದು ನೆದರ್‌ಲೆಂಡ್ಸ್‌ನ ಸ್ಟ್ರೋಬ, ಸ್ಕುಟ್ ಅನ್ನುವ ಇಬ್ಬರು ಸಂಶೋಧಕರು 1999ರಲ್ಲಿ ಹೇಳಿದ್ದು: ಮನಸ್ಸು ಒಮ್ಮೆ ಹೋದವರ ಕಡೆ, ಒಮ್ಮೆ ಗ್ಯಾಸ್ ಬುಕ್ ಮಾಡೋದು, ಬ್ಯಾಂಕಿಗೆ ಹೋಗೋದು ಅನ್ನುವ ಕಡೆ, ಹೀಗೆ ತೂಗಾಡುತ್ತಿರುತ್ತದೆ. ಬೆಳಿಗ್ಗೆ ನಕ್ಕು ಮಧ್ಯಾಹ್ನ ಅತ್ತರೆ ತಲೆ ಕೆಟ್ಟಿದೆ ಅಂತಲ್ಲ. ಹಾಗಂತ ಎಲ್ಲಾ ತಾನಾಗೇ ಸರಿಹೋಗುತ್ತದೆ ಅಂತಲೂ ಅಲ್ಲ. ವರ್ಷ ಕಳೆದರೂ ದಿನಾ ಅದೇ ತೀವ್ರತೆ, ಏಳೋಕೇ ಆಗದು, ಬದುಕೋದೇ ಬೇಡ ಅನ್ನಿಸುತ್ತೆ ಅಂದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಬದುಕೋದು ಬೇಡ ಅನ್ನುವ ಮಾತು ಬಂದರೆ ವರ್ಷ ಕಾಯುವುದೂ ಇಲ್ಲ, ಅವತ್ತೇ.

ದಯವಿಟ್ಟು ಒಂದು: ಮಣ್ಣಿಗೆ ಹೋದಾಗ ‘ಮಕ್ಕಳ ಮುಖ ನೋಡಿ ಧೈರ್ಯ ತಗೋ’ ಅನ್ನಬೇಡಿ. ಹೇಳಲು ಏನೂ ತೋಚದಿದ್ದರೆ ಚಪ್ಪಲಿ ಜೋಡಿಸಿ, ನೀರು ತುಂಬಿಡಿ. ತಿಂಗಳು ಬಿಟ್ಟು ಒಂದು ಸಲ ಹೋಗಿ ಕೂತು ಬನ್ನಿ.

ಮಹಾಲಯ ಅಮಾವಾಸ್ಯೆ ಮಾರನೇ ದಿನ ಅವ್ವ ತಾನಾಗೇ ಫೋನ್ ಮಾಡಿದಳು. ಎಡೆಗೆ ಮುದ್ದೆ, ಉಪ್ಸಾರು, ಬಾಡು, ಒಬ್ಬಟ್ಟು ಎಲ್ಲಾ ಇಟ್ಟಳಂತೆ. ಅಪ್ಪನಿಗೆ ಇಷ್ಟ ಅಂತ ಮಗ ಹೊಗೆಸೊಪ್ಪೂ ತಂದಿದ್ದನಂತೆ.

‘ಇಟ್ರಾ?’ ಅಂದೆ.

‘ತಿಪ್ಪೆಗೆ ಎಸ್ದೆ. ಸತ್ ಮೇಲೂ ಅದುನ್ನೇ ಅಗೀಬೇಕಾ ಅವ್ರು? ಮುದ್ದೆ ಉಣ್ಲಿ ಸಾಕು’ ಅಂದಳು. ಆಮೇಲೆ ನಕ್ಕಳು, ನಾನೂ ನಕ್ಕೆ.