ಪೋರಸ್‌ನ ಕುರ್ಚಿ

ಒಂಬತ್ತನೇ ತರಗತಿಯಲ್ಲಿ ಏನೇನು ಪಾಠ ಇತ್ತು ಅಂತ ಕೇಳಿದರೆ ಈಗ ಹೇಳಲು ಬರುವುದಿಲ್ಲ. ಆದರೆ ಕ್ಲಾಸಿನ ಮೂಲೆಯಲ್ಲಿ ಎರಡು ಡೆಸ್ಕು ಜೋಡಿಸಿ ಅದರ ಮೇಲೆ ಝೀಲಂ ನದಿ ಹರಿಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮೇಷ್ಟ್ರು ತಮ್ಮ ಹಳೇ ಪಂಚೆಯನ್ನು ಉದ್ದಕ್ಕೆ ಹರಿದು, ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ತಂದಿದ್ದರು. ಅದೇ ನದಿ.

ಕ್ರಿ.ಪೂ. 326ರ ಯುದ್ಧ. ಈ ದಡದಲ್ಲಿ ಅಲೆಕ್ಸಾಂಡರ್, ಆ ದಡದಲ್ಲಿ ಪೋರಸ್. ಗ್ರೀಕ್ ಇತಿಹಾಸಕಾರ ಆರಿಯನ್ ಕೊಟ್ಟ ಲೆಕ್ಕವನ್ನು ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ಪೋರಸ್‌ಗೆ 30,000 ಕಾಲಾಳು, 4,000 ಕುದುರೆ, 300 ರಥ, 200 ಆನೆ. ಒಂದೊಂದು ರಟ್ಟಿನ ತುಂಡಿಗೆ ಹತ್ತು ಹುಣಸೆ ಬೀಜ ಅಂಟಿಸಿದರೆ ಸಾವಿರ ಕಾಲಾಳು. ಕುದುರೆಗೆ ಗುಲಗಂಜಿ. ಆನೆ ಮಾತ್ರ ನಾನು ತಂದದ್ದು, ಅಜ್ಜಿಯ ದಸರಾ ಗೊಂಬೆ ಪೆಟ್ಟಿಗೆಯಿಂದ, ಹತ್ತು ಮರದ ಆನೆ. ಒಂದಕ್ಕೆ ಇಪ್ಪತ್ತರ ಲೆಕ್ಕ.

ಚೌಕಾಬಾರದ ನಾಲ್ಕು ಕವಡೆ ಹಾಕಬೇಕು. ಎಷ್ಟು ಬಿತ್ತೋ ಅಷ್ಟೇ ತುಕಡಿ ಕದಲಿಸಬಹುದು. ದೊಡ್ಡ ಸೈನ್ಯ ಇದ್ದರೂ ಒಂದು ಬಿದ್ದರೆ ಒಂದೇ. ರಾಜ ಕೂಗಿದ್ದು ಎಲ್ಲರಿಗೂ ಕೇಳಿಸುತ್ತದೇನೋ, ಅನ್ನುತ್ತಿದ್ದರು ಮೇಷ್ಟ್ರು.

ನಾನು ಅಲೆಕ್ಸಾಂಡರ್. ಮೂರು ದಿನ ಆಡಿದರೂ ನದಿ ದಾಟಲು ಆಗಲಿಲ್ಲ. ಎದುರಿಗೆ ಆನೆಗಳು, ಆನೆ ಕಂಡರೆ ಕುದುರೆ ಮುಂದೆ ಹೋಗುವುದಿಲ್ಲ ಅಂತ ನಿಯಮ. ನಾಲ್ಕನೇ ದಿನ ಸಂಜೆ ಶಾಲೆ ಬಿಟ್ಟ ಮೇಲೆ ಗೆಳೆಯನ ಹೆಗಲೇರಿ ಕಿಟಕಿಯಿಂದ ಒಳಗಿಳಿದೆ. ಆರು ತುಕಡಿಗಳನ್ನು ಮೇಲಿನ ತಿರುವಿನಲ್ಲಿ ದಾಟಿಸಿ, ಕಾಡು ಅಂತ ಇಟ್ಟಿದ್ದ ಹೊಂಗೆ ಟೊಂಗೆಯ ಕೆಳಗೆ ಬಚ್ಚಿಟ್ಟೆ.

ಬೆಳಿಗ್ಗೆ ಮೇಷ್ಟ್ರು ಮೇಜಿನ ಮುಂದೆ ಸುಮ್ಮನೆ ನಿಂತರು. ನನ್ನ ಕಾಲು ನಡುಗುತ್ತಿತ್ತು.

"ಅಲೆಕ್ಸಾಂಡರನೂ ರಾತ್ರಿ ಮಳೆಯಲ್ಲೇ ದಾಟಿದ್ದು, 27 ಕಿಲೋಮೀಟರ್ ಮೇಲಿನ ತಿರುವಿನಲ್ಲಿ. ಆದರೆ ಹಳೇ ಬಿಡಾರದಲ್ಲಿ ತನ್ನ ಸೇನಾಪತಿ ಕ್ರೇಟರಸ್‌ನನ್ನು ಬಿಟ್ಟು ಹೋಗಿದ್ದ, ಬೆಂಕಿ ಉರಿಯುತ್ತಲೇ ಇತ್ತು. ನೀನು ದಡ ಖಾಲಿ ಬಿಟ್ಟೆ. ಅದಕ್ಕೇ ಸಿಕ್ಕಿಬಿದ್ದೆ" ಅಂದರು. ಹೊಡೆಯಲಿಲ್ಲ. "ಹೋಗು, ಪೋರಸ್‌ನ ಕುರ್ಚಿಯಲ್ಲಿ ಕೂತ್ಕೋ."

ಆ ಕುರ್ಚಿಯಲ್ಲಿ ಕೂತಾಗಲೇ ನನಗೆ ಇತಿಹಾಸ ಅರ್ಥವಾಗಲು ಶುರುವಾಗಿದ್ದು. ಪೂರ್ತಿ ಸೈನ್ಯ ಮೇಲಕ್ಕೆ ತಿರುಗಿಸಿದರೆ ಎದುರಿನ ಕ್ರೇಟರಸ್ ದಾಟಿ ಬೆನ್ನಿಗೆ ಬರುತ್ತಾನೆ. ಸ್ವಲ್ಪವೇ ಕಳಿಸಿದರೆ ಅವರು ಉಳಿಯುವುದಿಲ್ಲ. ಪೋರಸ್ ಮೊದಲು ಮಗನನ್ನು 2,000 ಕುದುರೆ, 120 ರಥಗಳ ಜೊತೆ ಕಳಿಸಿದ. ಮಳೆಯ ಕೆಸರಿಗೆ ರಥದ ಚಕ್ರ ಹೂತುಹೋಯಿತು, ಮಗನೂ ಸತ್ತ. ನಮ್ಮ ಪುಸ್ತಕದಲ್ಲಿದ್ದದ್ದು ಒಂದೇ ಸಾಲು, ಆನೆಗಳು ತಿರುಗಿಬಿದ್ದು ತಮ್ಮವರನ್ನೇ ತುಳಿದವು ಅಂತ. ನಾನು ಎರಡು ಸಲ ಸೋತ ಮೇಲೆ ಮೇಷ್ಟ್ರು ಕೇಳಿದರು, "ಈಗ ಹೇಳು, ಪೋರಸ್ ದಡ್ಡನಾ?"

ಈಗ ನನ್ನ ಮಗಳ ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಇದೆ. ಯುದ್ಧದ ವಿಡಿಯೋ ಚೆನ್ನಾಗಿಯೇ ಇರುತ್ತದೆ. ಆದರೆ ಯಾರೂ ಯಾವ ಕಡೆಯೂ ಕೂರುವುದಿಲ್ಲ ಅಲ್ವಾ? ಕೊನೆಗೆ ಇಸವಿ ಬರೆದರೆ ಒಂದು ಅಂಕ. ನನಗೆ ಬೇಜಾರಾಗುತ್ತದೆ.

ಕೆಲಸಕ್ಕೆ ಸೇರಿದ ಮೇಲೆ ನಾನು 15 ಮಿಲಿಮೀಟರ್ ಗೊಂಬೆ ಸೈನಿಕರನ್ನು ತರಿಸಿ ಬಣ್ಣ ಹಚ್ಚಲು ಕಲಿತೆ. ಇಂಗ್ಲೆಂಡಿನಲ್ಲಿ 1990ರಲ್ಲಿ ಬಂದ ಡಿಬಿಎ ಅನ್ನುವ, ಮೇಜಿನ ಮೇಲೆ ಹಳೇ ಕಾಲದ ಯುದ್ಧ ಆಡುವ ನಿಯಮಗಳಲ್ಲಿ ಆಡುತ್ತೇನೆ. ಪ್ರತಿ ಕಡೆಗೆ 12 ತುಕಡಿ, ಸರದಿಗೊಂದು ದಾಳ, ಎಷ್ಟು ಬಿತ್ತೋ ಅಷ್ಟು ಚಲನೆ. ಓದಿದ ದಿನ ಮೈ ಜುಮ್ ಅಂದಿತು. ನಮ್ಮ ಮೇಷ್ಟ್ರು ಇದನ್ನೇ ಕವಡೆಯಲ್ಲಿ ಆಡಿಸಿದ್ದರು! ಕ್ರಿ.ಪೂ. 216ರ ಕ್ಯಾನೆ ಕದನ ಇಟ್ಟರೆ ನಾನು ರೋಮನರ ಕಡೆಯೇ ಕೂರುತ್ತೇನೆ. ಎದುರಾಳಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ನ ನಡುಸಾಲು ಬಾಗಿ ಹಿಂದೆ ಸರಿಯುವಾಗ ಗೆಲ್ಲುತ್ತಿದ್ದೇವೆ ಅಂತಲೇ ಅನಿಸುತ್ತದೆ. ಎರಡು ಪಕ್ಕದಿಂದ ಆಫ್ರಿಕನ್ ಕಾಲಾಳು, ಬೆನ್ನ ಹಿಂದೆ ಕುದುರೆ ಬಂದಾಗಲೇ ಗೊತ್ತಾಗುವುದು. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ನಾನೇ ಕಲಿಸಿದ್ದೇನೆ, ಹೆಮ್ಮೆಯಿದೆ.

ಹೋದ ವರ್ಷ ನೋಡಲು ಹೋದಾಗ ಮೇಷ್ಟ್ರು ಹಾಸಿಗೆ ಹಿಡಿದಿದ್ದರು. "ಪೋರಸ್ ಗೆಲ್ಲೋ ದಾರಿ ಸಿಕ್ತೇನೋ?" ಅಂದರು.

ಆಮೇಲೆ ಒಂದು ದಾರಿ ಹೊಳೆಯಿತು. ಪೋರಸ್ ನದಿ ಹತ್ತಿರ ಬಿಟ್ಟಿದ್ದು ಕೆಲವೇ ಆನೆ. ಅಲ್ಲಿ ಆನೆ ಜಾಸ್ತಿ ಬಿಟ್ಟರೆ ಕ್ರೇಟರಸ್‌ನ ಕುದುರೆಗಳು ದಾಟುವುದಿಲ್ಲ. ಉಳಿದ ಸೈನ್ಯ ಪೂರ್ತಿ, ತಡಮಾಡದೆ, ಮೇಲಕ್ಕೆ ಹೋಗಬೇಕು. ಮೂರು ಸಲ ಆಡಿ ನೋಡಿದೆ. ಎರಡು ಸಲ ಪೋರಸ್ ನಿಂತ. ಭಾನುವಾರ ಹೋಗಿ ಹಾಸಿಗೆಯ ಮೇಲೇ ಜೋಡಿಸಿ ತೋರಿಸೋಣ ಅಂತ ಹುಣಸೆ ಬೀಜ ಪೊಟ್ಟಣ ಕಟ್ಟಿಟ್ಟಿದ್ದೆ. ಶುಕ್ರವಾರ ಫೋನು ಬಂತು.