ಬ್ರ್ಯಾಡ್‌ಫೋರ್ಡ್ ಶಾಲೆಗಳಿಗೆ ಊಟ ಬಂದ ಕತೆ

18 ಮೇ 2024, ಶನಿವಾರ

ಈ ವಾರವೆಲ್ಲ ಬ್ರ್ಯಾಡ್‌ಫೋರ್ಡ್‌ನ ಹಳೆಯ ಶಾಲೆಗಳ ಬಗ್ಗೆ ಓದುತ್ತಿದ್ದೇನೆ. ಅದು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿರುವ ಉಣ್ಣೆ ಗಿರಣಿಗಳ ಊರು. ಊರಿನವರ ತೆರಿಗೆಯಲ್ಲಿ, ಊರಿನವರೇ ಆರಿಸಿದ ಮಂಡಳಿ ನಡೆಸುವ ಶಾಲೆಗಳಿಗೆ ದಾರಿಯಾದದ್ದು 1870ರ ಕಾಯ್ದೆಯಿಂದ. ಅದನ್ನು ಪಾರ್ಲಿಮೆಂಟಿನಲ್ಲಿ ಮಂಡಿಸಿದ ವಿಲಿಯಂ ಫಾರ್ಸ್ಟರ್ ಬ್ರ್ಯಾಡ್‌ಫೋರ್ಡ್‌ನಿಂದಲೇ ಗೆದ್ದು ಹೋದವರು.

ಕಟ್ಟಡಗಳೇನೋ ಎದ್ದವು. ಮಕ್ಕಳ ಪಾಡು ಮಾತ್ರ ಸುಧಾರಿಸಲಿಲ್ಲ. ಎಷ್ಟೋ ಮಕ್ಕಳು ಅರ್ಧ ದಿನ ಗಿರಣಿಯಲ್ಲಿ ದುಡಿದು ಉಳಿದರ್ಧ ದಿನ ಶಾಲೆಗೆ ಬರುತ್ತಿದ್ದರು. ಕಾನೂನೇ ಅದಕ್ಕೆ ಒಪ್ಪಿತ್ತು! ಬೆಳಗ್ಗೆಯೆಲ್ಲ ಯಂತ್ರದ ಮುಂದೆ ನಿಂತು ಬಂದ ಮಗುವಿನ ತಲೆಗೆ ಮಧ್ಯಾಹ್ನ ಲೆಕ್ಕ ಹತ್ತೀತಾ?

1894ರಲ್ಲಿ ಮಾರ್ಗರೆಟ್ ಮ್ಯಾಕ್‌ಮಿಲನ್ ಮಂಡಳಿಗೆ ಆರಿಸಿ ಬಂದರು. ಮೈ ಕೊಳೆಯಾಗಿ, ಹೊಟ್ಟೆ ಖಾಲಿಯಾಗಿ ಕೂತ ಮಗುವಿಗೆ ಪಾಠ ಹೇಳಿ ಪ್ರಯೋಜನವಿಲ್ಲ ಅನ್ನೋದು ಅವರ ವಾದ. 1897ರಲ್ಲಿ ವ್ಯಾಪಿಂಗ್ ರೋಡ್ ಶಾಲೆಯಲ್ಲಿ ಸ್ನಾನದ ಮನೆ, ಈಜುಕೊಳ ಎರಡೂ ಆದವು. ನನಗೆ ಇದು ಬಹಳ ದೊಡ್ಡ ಕೆಲಸ ಅನ್ನಿಸುತ್ತದೆ. ಮನೆಯಲ್ಲಿ ಬಚ್ಚಲೇ ಇಲ್ಲದ ಮಕ್ಕಳು ಅವರು.

ಆಮೇಲೆ 1902ರ ಕಾಯ್ದೆ ಬಂತು. ಮಂಡಳಿಗಳು ರದ್ದಾಗಿ ಶಾಲೆಗಳು ನಗರಸಭೆಯ ಕೈಗೆ ಹೋದವು. ಆಡಳಿತಕ್ಕೆ ಅನುಕೂಲವಾಗಿರಬಹುದು, ಇಲ್ಲ ಅನ್ನಲ್ಲ. ಆದರೆ ಆಗ ಹೆಂಗಸರು ನಗರಸಭೆಗೆ ನಿಲ್ಲುವಂತಿರಲಿಲ್ಲ. ಜನ ಆರಿಸಿದ್ದ ಮ್ಯಾಕ್‌ಮಿಲನ್ ಅವರ ಜಾಗವೇ ಹೋಯಿತು. ಇದನ್ನು ಓದುವಾಗ ನಿಜವಾಗಿ ಸಿಟ್ಟು ಬಂತು.

ಅವರು ಲಂಡನ್‌ಗೆ ಹೋದರೂ ಹಸಿದ ಮಗುವಿಗೆ ಪಾಠ ಹೇಳಿ ಪ್ರಯೋಜನವಿಲ್ಲ ಅನ್ನೋ ಅವರ ಮಾತನ್ನು ಊರು ಮರೆಯಲಿಲ್ಲ. 1906ರಲ್ಲಿ ಪಾರ್ಲಿಮೆಂಟಿಗೆ ಗೆದ್ದ ಬ್ರ್ಯಾಡ್‌ಫೋರ್ಡ್‌ನ ಫ್ರೆಡ್ ಜೋವೆಟ್ ಮಕ್ಕಳ ಊಟದ ಪರವಾಗಿ ಮಾತಾಡಿದರು. ಅದೇ ವರ್ಷ ಶಾಲೆಯಲ್ಲಿ ಊಟ ಕೊಡಲು ತೆರಿಗೆ ಹಣ ಬಳಸಬಹುದು ಅಂತ ಕಾಯ್ದೆಯಾಯಿತು. 1907ರಲ್ಲಿ ಗ್ರೀನ್ ಲೇನ್ ಶಾಲೆಯಲ್ಲಿ ಸುಮಾರು 40 ಮಕ್ಕಳಿಗೆ ದಿನಾ ಬೆಳಗ್ಗೆ ಗಂಜಿ, ಮಧ್ಯಾಹ್ನ ಬಿಸಿ ಊಟ ಕೊಟ್ಟು ತೂಕ ನೋಡುತ್ತಾ ಹೋದರು. ಶಾಲಾ ವೈದ್ಯರಾಗಿದ್ದ ರಾಲ್ಫ್ ಕ್ರೌಲಿ ಅದನ್ನೆಲ್ಲ ಬರೆದಿಟ್ಟರು. ಊಟ ಸಿಕ್ಕಾಗ ತೂಕ ಏರಿತು. ರಜೆ ಬಂದಾಗ ಇಳಿಯಿತು.

ರಜೆಯಲ್ಲಿ ಇಳಿಯಿತು ಅನ್ನೋದನ್ನ ಎರಡೆರಡು ಸಲ ಓದಿದೆ. 2024ರ ಬೇಸಿಗೆಯಲ್ಲಿ ನಮ್ಮ ರಾಜ್ಯದ ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟಿದ್ದು ಇದೇ ಕಾರಣಕ್ಕೆ ಅಲ್ವಾ? ಶಾಲೆಗೆ ರಜೆ ಇದ್ದ ಮಾತ್ರಕ್ಕೆ ಹಸಿವಿಗೆ ರಜೆ ಇರಲ್ಲ. ಬ್ರಿಟನ್ನಿನಲ್ಲಿ ರಜಾ ದಿನಗಳಲ್ಲೂ ಊಟ ಹಾಕಲು ಕಾನೂನು ಒಪ್ಪಿಗೆ ಸಿಕ್ಕಿದ್ದು 1914ರಲ್ಲಿ.